ನೆತ್ತಿಯ ಮೇಲಿನ ಕೈ

ಬೀಸುವ ಕಲ್ಲಿಗೆ ಎರಡನೇ ಹಿಡಿ ಜೋಳ ಹಾಕುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಸತ್ಯಮ್ಮನ ಕೈ ಗೂಟದ ಮೇಲೆಯೇ ನಿಂತಿತು.

"ಯಾರದೀರಿ ಒಳಗ? ಬಾಗಲಾ ತೆಗೀರಿ."

ಅವಳು ಮೊದಲು ಪಡಸಾಲೆಯತ್ತ ನೋಡಿದಳು. ಇಬ್ಬರು ಹುಡುಗಿಯರು ಹುಣಸೆ ಬೀಜ ಹರಡಿಕೊಂಡು ಕೂತಿದ್ದರು. ಒಬ್ಬಳು ಅವಳ ಮಗಳು ಕಾಂತಾ. ಇನ್ನೊಬ್ಬಳು ಪಿಂಜಾರ ಹುಸೇನನ ಮಗಳು ಫಕ್ರುನ್ನಿಸಾ. ಹನ್ನೊಂದು ದಿನದಿಂದ ಅವಳ ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ, ಹೆಸರು ಶಾಲು. ಕೇಳಿದವರಿಗೆ ಎಕಂಬಾ ಊರಿನ ಅಣ್ಣನ ಮಗಳು, ಜ್ವರ ಬಂದು ಮಾತು ನಿಂತಿದೆ. ಬಾಯಿ ತೆಗೆದರೆ ಕನ್ನಡದ ನಡುವೆ ಮನೆಯ ಉರ್ದು ಬಂದೀತೆಂದು ಸತ್ಯಮ್ಮನೇ ಅವಳ ತುಟಿಗೆ ಬೆರಳಿಟ್ಟು ಕಲಿಸಿದ್ದಳು. ಓಣಿಯವರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ.

ಹುಡುಗಿಯ ತಾಯಿ, ಬಸುರಿ ಹಮೀದುನ್ನಿಸಾ, ಹೆರಿಗೆಗೆಂದು ಬೀದರಿನ ತವರಿಗೆ ಹೋಗಿದ್ದಳು. ಆಕೆಯನ್ನು ಹುಡುಕಲು ಸತ್ಯಮ್ಮನ ಗಂಡ ಧೊಂಡಿಬಾ ನಡೆದು ಹೋಗಿ ನಾಲ್ಕು ದಿನವಾಗಿತ್ತು. ಅವನು ಬರುವವರೆಗೆ ಹುಡುಗಿಯನ್ನು ಕಾಯಬೇಕಿತ್ತು, ಅಷ್ಟೇ.

ಹೊಸ್ತಿಲಲ್ಲಿ ನಿಂತವನು ಪಕ್ಕದೂರಿನ ಮಚ್ಛೇಂದ್ರ. ಹೆಗಲ ಮೇಲೆ ಕೊಡಲಿ. ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರು ಅವನ ಬಣವೆ ಸುಟ್ಟು ಅಣ್ಣನನ್ನು ಕೊಂದಿದ್ದರು. ಪಟ್ಟಣಗಳಿಗೆ ಭಾರತದ ಮಿಲಿಟರಿ ಬಂದು ರಜಾಕಾರರು ಓಡಿದ ಮೇಲೆ ಅವನ ಕಣ್ಣು ಹಳ್ಳಿ ಹಳ್ಳಿಯ ಮುಸಲ್ಮಾನ ಪಿಂಜಾರರ, ದರ್ಜಿಗಳ ಮೇಲೆ ಬಿದ್ದಿತ್ತು.

"ನೀರು ಕುಡಸ್ರಿ ಬಾಯಿ. ಮುಂಜಾನಿಂದ ತಿರಗಲಕತ್ತೀನಿ."

ತಂಬಿಗೆ ಎತ್ತಿ ಹಿಡಿದು ಬಾಯಿಗೆ ಸುರಿದುಕೊಂಡ. ಮುಖ ಕಿವುಚಿದ.

"ಕೆಸರು ವಾಸನಿ ಹೊಡೀತದಲ್ರಿ."

"ಹಳ್ಳದ್ದರಿ."

ಯಾಕೆಂದು ಅವನು ಕೇಳಬೇಕಿರಲಿಲ್ಲ. ಹುಸೇನನ ಮನೆಯ ಮುಂದಿನ ಬಾವಿಯೇ ಓಣಿಗೆಲ್ಲ ಸಿಹಿನೀರು. ಹನ್ನೊಂದು ದಿನದ ಹಿಂದೆ ಅವನ ಕಡೆಯವರೇ ಹುಸೇನನನ್ನೂ ಅವನ ತಮ್ಮನನ್ನೂ ಕಡಿದು ಅದಕ್ಕೇ ಎಸೆದಿದ್ದರು. ಆಗ ಫಕ್ರು ಇಲ್ಲಿ ಕಾಂತಾಳ ಜೊತೆ ಆಡುತ್ತಿದ್ದಳು; ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಅಂದಿನಿಂದ ಹೆಂಗಸರು ಆ ಬಾವಿ ದಾಟಿಕೊಂಡು, ತಲೆ ತಗ್ಗಿಸಿ, ಮಳೆಯ ಕೆಸರು ತುಂಬಿದ ಹಳ್ಳಕ್ಕೆ ಹೋಗುತ್ತಿದ್ದರು.

"ಪಿಂಜಾರನ ಒಂದು ಕೂಸು ಉಳದದಂತ ಕೇಳೀನಿ," ಎಂದ ಮಚ್ಛೇಂದ್ರ. "ಈಕಿ ಯಾರು?"

"ನಮ್ಮ ಅಣ್ಣನ ಮಗಳರಿ. ಶಾಲು. ಜ್ವರದಾಗ ಮಾತು ಹೋಗ್ಯಾವ."

"ಹೌದಾ? ತಗೋ ಶಾಲೂ, ನೀನೂ ಕುಡಿ."

ಹುಡುಗಿ ತಂಬಿಗೆ ತೆಗೆದುಕೊಂಡಳು. ಕುಕ್ಕರಗಾಲಲ್ಲಿ ಕೂತು, ಎಡಗೈ ನೆತ್ತಿಯ ಮೇಲಿಟ್ಟುಕೊಂಡು, ತುಟಿ ಹಚ್ಚಿ ಮೂರು ಗುಟುಕು ಕುಡಿದಳು.

ಪಿಂಜಾರರ ಮನೆಯಲ್ಲಿ ನೀರು ಕುಡಿಯುವ ರೀತಿ ಅದು; ಸತ್ಯಮ್ಮನಿಗೆ ಈಗ ಹೊಳೆಯಿತು. ಕುಂಕುಮ ಹಚ್ಚಿದ್ದಳು, ಬಳೆ ಇಡಿಸಿದ್ದಳು, ಹೆಸರು ಕಲಿಸಿದ್ದಳು. ನೀರು ಕುಡಿಯುವುದನ್ನು ಕಲಿಸಿರಲಿಲ್ಲ.

ಮಚ್ಛೇಂದ್ರ ಕೊಡಲಿಯನ್ನು ಹೆಗಲಿಂದ ಇಳಿಸಿದ.

"ನನಗ, ನನಗ!" ಎಂದು ಕಾಂತಾ ತಂಬಿಗೆ ಕಸಿದುಕೊಂಡಳು. ಗೆಳತಿಯ ಪಕ್ಕ ಕುಕ್ಕರಿಸಿ, ಎಡಗೈ ನೆತ್ತಿಗಿಟ್ಟು, ಎಣಿಸಿದಂತೆ ಮೂರು ಗುಟುಕು ಕುಡಿದಳು. ಹನ್ನೊಂದು ದಿನ ಇಬ್ಬರೂ ಒಂದೇ ತಂಬಿಗೆಯಲ್ಲಿ ಕುಡಿದಿದ್ದರು.

"ನಿಮ್ಮ ಮನ್ಯಾಗ ಎಲ್ಲಾರೂ ಹಿಂಗಾ?"

"ನೀರು ನೆತ್ತಿಗಿ ಏರಬಾರದಂತ ನಾನೇ ಹೇಳೀನ್ರಿ." ಸತ್ಯಮ್ಮ ಮಗಳ ಕೈಯಿಂದ ತಂಬಿಗೆ ಪಡೆದು ತಾನೂ ಕೂತಳು. ನೆತ್ತಿಯ ಮೇಲೆ ಕೈಯಿಟ್ಟು ಕುಡಿದಳು. ಕೆಸರು ಗಂಟಲಿಗೆ ಹತ್ತಿತು. ಕೆಮ್ಮಲಿಲ್ಲ.

ಅವನು ಮೂವರನ್ನೂ ನೋಡಿ ಕೊಡಲಿಯನ್ನು ಮತ್ತೆ ಹೆಗಲಿಗೇರಿಸಿದ.

"ಹುಚ್ಚರ ಮನಿ," ಎಂದು ಹೊಸ್ತಿಲು ಇಳಿದ.

ಹೆಜ್ಜೆ ಸದ್ದು ಓಣಿಯ ತಿರುವು ದಾಟುವ ತನಕ ಸತ್ಯಮ್ಮ ಏಳಲಿಲ್ಲ. ಆಮೇಲೆ ಕಲ್ಲಿನ ಮುಂದೆ ಹೋಗಿ ಕೂತು ಗೂಟ ಹಿಡಿದಳು. ಕಲ್ಲು ತಿರುಗಲಿಲ್ಲ.

ಫಕ್ರು ತಂಬಿಗೆ ಹಿಡಿದುಕೊಂಡು ಎದುರಿಗೆ ಬಂದು ನಿಂತಳು. ತಳದಲ್ಲಿ ಉಳಿದ ನೀರನ್ನು ಅಲುಗಿಸಿ ನೋಡಿದಳು. ಅವಳ ತುಟಿ ಬಿಚ್ಚಿದಾಗ ಸತ್ಯಮ್ಮ ಬೆರಳು ಎತ್ತಲಿಲ್ಲ.

"ಕಾಕು, ನಮ್ಮ ಬಾವಿ ನೀರು ಯಾಕ ತರವಲ್ರಿ?"