ಅಳಿಸಿಹೋದ ಅವಳಿ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಸಂಶೋಧನಾ ಕೇಂದ್ರದ ಗೇಟಿನಲ್ಲಿ ನಿಂತವರಿಗೆ ಕಟ್ಟಡವೇ ಕಾಣುತ್ತಿರಲಿಲ್ಲ. ದೇವರು ಈ ದಿನವನ್ನು ಇನ್ನೂ ಬಿಚ್ಚಿಲ್ಲ ಎಂದುಕೊಳ್ಳುತ್ತ ತಂತ್ರಜ್ಞಾನ ವಿಭಾಗದ ನಿರ್ದೇಶಕಿ ಮೆಟ್ಟಿಲು ಹತ್ತಿದರು.

ಹತ್ತೊಂಬತ್ತು ವರ್ಷದ ಹಿಂದೆ ಅವರು ಬಂದಾಗ ಮಕ್ಕಳ ಕಲಿಕೆಯ ದಾಖಲೆಗಳೆಲ್ಲ ನೆಲಮಾಳಿಗೆಯಲ್ಲಿ ಗೆದ್ದಲಿಗೆ ಕಾದಿದ್ದವು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಸೋಸಿ, ಒಂದು ಮಗುವಿಗೆ ಒಂದೇ ದಾಖಲೆ ಎಂಬ ನಿಯಮ ಕಟ್ಟಿದವರು ಅವರು. ಸಿಬ್ಬಂದಿ ಬೆನ್ನ ಹಿಂದೆ ‘ಜರಡಿಯಮ್ಮ’ ಎನ್ನುತ್ತಿದ್ದುದು ಕಿವಿಗೆ ಬಿದ್ದಾಗ ಒಳಗೊಳಗೇ ಹಿಗ್ಗಿದ್ದರು. ಇವತ್ತು ಹನ್ನೊಂದಕ್ಕೆ ಆ ದಾಖಲೆಗಳ ಭಂಡಾರ ದೇಶದ ಸಂಶೋಧಕರಿಗೆಲ್ಲ ತೆರೆದುಕೊಳ್ಳಲಿತ್ತು.

ಕೋಣೆಯ ಮುಂದೆ ಕಡತ ಕಾಯುವ ಅಜ್ಜ ನಿಂತಿದ್ದರು. ಜೊತೆಗೊಬ್ಬ ತಾಯಿ, ಹದಿನೆಂಟರ ಮಗಳು.

“ಅಮ್ಮಾ, ಈ ಹುಡುಗಿ ನಿಮ್ಮ ಲೆಕ್ಕದಲ್ಲಿ ಹುಟ್ಟೇ ಇಲ್ಲವಂತೆ!” ಎಂದರು ಅಜ್ಜ.

“ನನಗೆ ಅವಳಿ ಮಕ್ಕಳು ಮೇಡಂ,” ಎಂದಳು ತಾಯಿ. “ಹನ್ನೆರಡು ವರ್ಷ ಇಬ್ಬರೂ ನಿಮ್ಮ ಪರೀಕ್ಷೆ ಬರೆದಿದ್ದಾರೆ. ಶಿಕ್ಷಕರ ತರಬೇತಿಗೆ ಸೇರೋಕೆ ಆ ದಾಖಲೆ ಬೇಕು, ಇವತ್ತು ಸಂಜೆ ಕೊನೆ. ಅಕ್ಕನದು ಬಂತು. ಇವಳದು ಇಲ್ಲವೇ ಇಲ್ಲ ಅಂತಾರೆ.”

“ಏಳು ನಿಮಿಷಕ್ಕೆ ಅಕ್ಕ ಅವಳು. ದೌಲತ್ತು ಮಾತ್ರ ಏಳು ವರ್ಷದ್ದು,” ಎಂದ ಹುಡುಗಿ ನಗಲು ಹೋಗಿ ಕಣ್ಣು ತುಂಬಿಕೊಂಡಳು.

ನಿರ್ದೇಶಕಿ ಕಂಪ್ಯೂಟರ್ ಮುಂದೆ ಕೂತರು. ಅದೇ ತಂದೆತಾಯಿ, ಅದೇ ಮನೆ, ಅದೇ ಜನ್ಮದಿನ. ಹೆಸರನ್ನು ಶಾಲೆಗೊಂದು ಥರ ಬರೆಯುತ್ತಾರೆಂದು ನಿಯಮದಲ್ಲಿ ಹೆಸರನ್ನು ಅವರೇ ಕೈಬಿಟ್ಟಿದ್ದರು. ಒಂದೇ ಮಗು ಎರಡು ಸಲ ಬಂದಿದೆಯೆಂದು ಯಂತ್ರ ತಂಗಿಯನ್ನು ಅಳಿಸಿತ್ತು. ಅಳಿಸಿದವರ ಪಟ್ಟಿಯಲ್ಲಿ ಅಂಕಗಳಿರಲಿಲ್ಲ, ಪರೀಕ್ಷೆಯ ದಿನಾಂಕಗಳಷ್ಟೇ ಉಳಿದಿದ್ದವು; ಒಂದೇ ದಿನ ಒಂದೇ ಪರೀಕ್ಷೆಯನ್ನು ಎರಡು ಸಲ ಬರೆದಂತೆ ಕಾಣುವ, ಅಂದರೆ ನಿಜಕ್ಕೂ ಅವಳಿಗಳಾದ ಮಕ್ಕಳೆಷ್ಟು ಎಂದು ಅದರಲ್ಲಿ ಹುಡುಕಿದರು. ಸಾವಿರದ ಇನ್ನೂರ ಹತ್ತು! ಇರುವೆಯ ಲೆಕ್ಕವನ್ನೂ ಇಟ್ಟವನು ಮೇಲೆ ಕೂತು ನಗುತ್ತಿರಬೇಕು ಅನ್ನಿಸಿತು.

“ಕಾಗದ ಏನಾದರೂ ಉಳಿದಿದೆಯಾ ಅಜ್ಜ?”

“ಎಲ್ಲಾ ಇದೆ. ಸುಟ್ಟುಬಿಡಿ ಅಂದಿದ್ರಿ. ಅವತ್ತು ನನಗೆ ಕಿವಿ ಕೇಳಿಸಲಿಲ್ಲ.”

ವಿಷಯ ತಿಳಿದ ಕೇಂದ್ರದ ಅಧ್ಯಕ್ಷರು ಸಭಾಂಗಣದ ಬಾಗಿಲಲ್ಲಿ ಪಿಸುಗುಟ್ಟಿದರು: “ಈಗ ತೆರೆದುಬಿಡಿ, ಆಮೇಲೆ ತಿದ್ದಿದರಾಯ್ತು. ನಿವೃತ್ತಿ ಹೊತ್ತಲ್ಲಿ ಹೆಸರು ಯಾಕೆ ಕೆಡಿಸ್ಕೊಳ್ತೀರಿ?”

“ಆ ಹುಡುಗಿಗೆ ‘ಆಮೇಲೆ’ ಅನ್ನೋದು ಇಲ್ಲ ಸರ್.”

ವೇದಿಕೆ ಹತ್ತಿ ಎರಡೇ ಮಾತು ಆಡಿದರು. ಭಂಡಾರ ಇವತ್ತು ತೆರೆಯುವುದಿಲ್ಲ; ಸಾವಿರದ ಇನ್ನೂರ ಹತ್ತು ಮಕ್ಕಳನ್ನು ಅಳಿಸಿದ ನಿಯಮ ನನ್ನದು. ಹಿಂದಿನ ಸಾಲಿನಲ್ಲಿ ಅಜ್ಜ ಆ ತಾಯಿಗೆ, “ನಮ್ಮ ಮೇಡಂ ಅಂದ್ರೆ ಏನಂದ್ಕೊಂಡ್ರಿ!” ಎಂದು ಎದೆಯುಬ್ಬಿಸಿದ್ದು ಎಲ್ಲರಿಗೂ ಕೇಳಿಸಿತು.

ನೆಲಮಾಳಿಗೆಯಲ್ಲಿ ಅಜ್ಜ ಆ ಹುಡುಗಿಯ ಹಾಳೆಗಳ ಕಟ್ಟು ಬಿಚ್ಚುತ್ತ ಓದಿದರು, ನಿರ್ದೇಶಕಿ ತಾವೇ ಟೈಪು ಮಾಡಿದರು. ಮೂರನೇ ತರಗತಿಯಲ್ಲಿ ತಡವರಿಸಿದ ಮಗು ಐದರಲ್ಲಿ ಚೇತರಿಸಿಕೊಂಡು, ಎಂಟರಲ್ಲಿ ಗಣಿತದಲ್ಲಿ ಅಕ್ಕನನ್ನೇ ಹಿಂದೆ ಹಾಕಿತ್ತು. ಲಕ್ಷಾಂತರ ಅಂಕಿಗಳನ್ನು ಕಂಡ ಕಣ್ಣೆದುರು ಒಬ್ಬಳು ಬೆಳೆದು ನಿಂತಳು. ಸ್ವಂತ ಮಗಳೇ ಗೆದ್ದಂತೆ ಅವರ ಮುಖ ಅರಳಿತು.

ಮೂರು ಗಂಟೆಗೆ ಮೇಲೆ ಬಂದು, ಕೊನೆಯ ಹಾಳೆಗೆ ಸಹಿ ಮಾಡಿ, ಶಾಯಿ ಆರುವಂತೆ ಊದಿದರು. ಕಾದಿದ್ದ ಹುಡುಗಿಗೆ ಅವಳ ಹನ್ನೆರಡು ವರ್ಷಗಳನ್ನು ಎರಡೂ ಕೈಯಲ್ಲಿ ಒಪ್ಪಿಸಿದರು.