ಸದ್ದಿಲ್ಲದ ಹಿಮ

ಪೈನ್ ಸಾಬೂನಿನ ವಾಸನೆ, ಅರ್ಧ ಡಾಂಬರು ಅರ್ಧ ಕಾಡು, ಬಕೆಟ್ಟಿನಿಂದ ಎದ್ದು ಮೂಗಿಗೆ ಬಡಿಯುತ್ತಲೇ ರೀಕ್ಕಾಳ ಕೈಯ ಬ್ರಷ್ಷು ಒಂದು ಗಳಿಗೆ ನಿಂತಿತು, ಅಮ್ಮನ ಮುಂಗೈಯ ವಾಸನೆಯಲ್ಲವೇ ಇದು, ಜೂನ್ ತಿಂಗಳು ಪೂರ್ತಿ ಅಮ್ಮ ಹೀಗೇ ಗಮಗುಡುತ್ತಿದ್ದಳು, ಅಪ್ಪಿಕೊಂಡರೆ ಮರವನ್ನು ಅಪ್ಪಿಕೊಂಡ ಹಾಗೆ — ಕಡಲ ಕಟ್ಟೆಯುದ್ದಕ್ಕೂ ಮರದ ಮೇಜುಗಳು, ಒಂದೊಂದರ ಮೇಲೂ ಒಬ್ಬೊಬ್ಬರ ಚಿಂದಿ ಜಮಖಾನೆ, ಊರಿಗೆ ಊರೇ ಚಳಿಗಾಲದ ಕೊಳೆ ತೊಳೆಯಲು ಬಂದು ನಿಂತಂತೆ, ಅವಳ ಮುಂದಿರುವುದು ಅಮ್ಮ ಲೆಂಪಿ ನೇಯ್ದ ಕೊನೆಯದು, ಅಪ್ಪನ ಅಂಗಿಗಳ ನೀಲಿ, ಹಳೆಯ ಪರದೆಯ ಹಸಿರು, ರೀಕ್ಕಾಳ ಮಗಳು ಹಿಲ್ಲಾ ಎಳೆಗೂಸಾಗಿದ್ದಾಗಿನ ಲಂಗದ ಹಳದಿ, ಎಲ್ಲವನ್ನೂ ಬೆರಳಗಲ ಹರಿದು ಮಗ್ಗಕ್ಕೆ ಕೊಟ್ಟದ್ದು, ಆ ಹಳದಿಯ ಮೇಲೆಯೇ ಕಪ್ಪು ಚುಕ್ಕೆಗಳು, ಕರಿ ಎಳ್ಳು ಚೆಲ್ಲಿದ ಹಾಗೆ ಬೂಷ್ಟು, ತಿಕ್ಕು, ಇದು ಮೂರನೇ ಸಲ, ಬೆಳಗಿನ ನಾಲ್ಕೂವರೆಯಿಂದ ಬಸ್ಸು ಓಡಿಸಿದ ಬೆನ್ನು ಬಿಗಿದು ಹಲಗೆಯಾಗಿದೆ, ಇರಲಿ, ತಿಕ್ಕು, ಇದು ಹೋದರೆ ಜಮಖಾನೆ ಹಿಲ್ಲಾಳ ಮಂಚದ ಪಕ್ಕಕ್ಕೆ, ಹೋಗದಿದ್ದರೆ — ಮೇಜಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತ ಏಳು ವರ್ಷದ ಹಿಲ್ಲಾ ಕೆಮ್ಮಿದಳು, ಎರಡು ಸಲ, ಒಣ ಕೆಮ್ಮು, ಮೂರನೆಯದಕ್ಕೆ ರೀಕ್ಕಾಳ ಕಿವಿ ತಾನಾಗಿ ಕಾದು ನಿಂತಿತು, ಬರಲಿಲ್ಲ. ಆಸ್ತಮಾ ಇರೋ ಮಗು ಮಲಗೋ ಕೋಣೇಲಿ ಬೂಷ್ಟು ಒಂದು ಚೂರೂ ಇರಕೂಡದು, ಡಾಕ್ಟರು ಅಂದಿದ್ದರು, ನೆಲ ಒದ್ದೆ ಬಟ್ಟೇಲಿ ಒರೆಸಿ, ಕಿಟಕಿ ತೆಗೀರಿ, ಹಾಸಿಗೆ ಗಾಳಿಗೆ ಹಾಕಿ — ಇದನ್ನು ಕೇಳಲು ಆಸ್ಪತ್ರೆಗೆ ಹೋಗಬೇಕಾಯಿತೇ, ಲೆಂಪಿಯ ಹೊಟ್ಟೆಯಲ್ಲಿ ಹುಟ್ಟಿದವಳು ತಾನು, ಮೈನಸ್ ಇಪ್ಪತ್ತರ ಬೆಳಗಿನಲ್ಲೂ ಎದುರುಬದುರು ಕಿಟಕಿ ತೆರೆದು ಮನೆಮಂದಿಯನ್ನೆಲ್ಲ ಹತ್ತು ನಿಮಿಷ ನಡುಗಿಸುತ್ತಿದ್ದವಳ ಮಗಳು, ಏಳ್ರೋ ಸೋಮಾರಿಗಳಾ, ರಾತ್ರಿಯೆಲ್ಲ ಬಿಟ್ಟ ಉಸಿರನ್ನೇ ಮತ್ತೆ ಎಳ್ಕೋತೀರಾ, ಹೊದಿಕೆಯೊಳಗಿಂದ ಅಪ್ಪ, ನಾನಿನ್ನೂ ಸತ್ತಿಲ್ಲ ಕಣೇ ಲೆಂಪಿ, ಈಗ್ಲೇ ತಣ್ಣಗೆ ಮಾಡ್ಬೇಡ, ಅಮ್ಮ ನಗುತ್ತಿದ್ದಳು, ಕಿಟಕಿ ಮಾತ್ರ ಮುಚ್ಚುತ್ತಿರಲಿಲ್ಲ, ಆಮೇಲೆ ಮುಚ್ಚಿದಾಗ ಕಾಫಿಯ ಪರಿಮಳ ಹೊಸದಾಗಿ ಹುಟ್ಟಿದಂತೆ ಕೋಣೆ ತುಂಬುತ್ತಿತ್ತು, ಅಂಥ ಕಾಫಿ ಆಮೇಲೆ ಎಲ್ಲಿಯೂ ಸಿಗಲಿಲ್ಲ.

ಹಿಮ ಕಿರುಗುಟ್ಟಬೇಕು, ಅದು ಅಮ್ಮನ ಕಾನೂನು, ಬೂಟಿನಡಿ ಕಿರ್ ಕಿರ್ ಅಂದರೆ ಮಾತ್ರ ಜಮಖಾನೆ ಅಂಗಳಕ್ಕೆ, ಮಗುಚಿ ಹಾಸಿ ಬಡಿ, ಎತ್ತಿದರೆ ಬಿಳಿ ಹಿಮದ ಮೇಲೆ ದೂಳಿನ ಬೂದು ಚೌಕ, ಜಾಗ ಬದಲಿಸು, ಮತ್ತೆ ಬಡಿ, ಚೌಕ ತಿಳಿಯಾಯಿತು, ಮತ್ತೆ, ಕೊನೆಗೆ ಚೌಕವೇ ಕಾಣಿಸದು, ಕೆಂಪೇರಿದ ಕೆನ್ನೆಯ ಅಮ್ಮ ಬಡಿಗೆ ಹೆಗಲಿಗೇರಿಸಿ ಯುದ್ಧ ಗೆದ್ದವಳಂತೆ ನಿಲ್ಲುತ್ತಿದ್ದಳು, ಸದ್ದಿಲ್ಲದ ಹಿಮ ಅಂದ್ರೆ ನೀರು ಕಣೇ ರೀಕ್ಕಾ, ಅದರ ಮೇಲೆ ಹಾಸಿದ್ಯೋ, ದೂಳು ಕೆಸರಾಗಿ ಒಳಗೇ ಕೂತ್ಕೊಳ್ಳುತ್ತೆ — ಗೊತ್ತಿತ್ತು, ಅದೇ ತಾನೇ ಸಂಕಟ, ಗೊತ್ತಿದ್ದೂ, ಹೋದ ವರ್ಷದ ಫೆಬ್ರವರಿ, ಆಸ್ಪತ್ರೆಯ ಮಂಚದಿಂದ ಅಮ್ಮ ಕೇಳಿದ್ದು ಒಂದೇ, ಜಮಖಾನೆ ಬಡಿದ್ಯಾ, ಹೂಂ ಅಮ್ಮಾ ಬಡಿದೆ, ಬಾಯಿಗೆ ಬಂದ ಸುಳ್ಳು, ಸುಳ್ಳನ್ನು ನಿಜ ಮಾಡಲು ಅಂದೇ ಮನೆಗೆ ಓಡಿ ಅಂಗಳದಲ್ಲಿ ಹಾಸಿದಳು, ಚಳಿ ಮುರಿದಿತ್ತು, ಸೂರಿನಿಂದ ಹನಿ ಬೀಳುತ್ತಿತ್ತು, ಬೂಟಿನ ಕೆಳಗೆ ಹಿಮ ತುಟಿ ಬಿಚ್ಚಲಿಲ್ಲ, ಆ ಮೌನ ಚೆನ್ನಾಗಿ ಕೇಳಿಸಿತು, ಆದರೂ ಬಡಿದಳು, ಬಡಿಯುತ್ತಿದ್ದಾಗಲೇ ಆಸ್ಪತ್ರೆಯಿಂದ ಫೋನು, ಈಗಲೇ ಬನ್ನಿ ಅಂದರು, ಒದ್ದೆಯನ್ನೇ ಸುತ್ತಿ ನೆಲಮಾಳಿಗೆಗೆ ಎಸೆದು ಓಡಿದವಳು ಮತ್ತೆ ಅದನ್ನು ಬಿಚ್ಚಿದ್ದು ಇವತ್ತೇ, ಅಮ್ಮ ಹೋಗಿ ಹದಿನಾರು ತಿಂಗಳಾದ ಮೇಲೆ.

ಏನ್ರೀ, ಆ ಜಮಖಾನೆ ನಿಮಗೇನು ದ್ರೋಹ ಮಾಡಿದೆ, ತೂತು ಬೀಳೋ ಹಾಗೆ ತಿಕ್ತಿದ್ದೀರಿ — ಪಕ್ಕದ ಮೇಜಿನ ಮುದುಕ, ಮೊಣಕಾಲುದ್ದದ ರಬ್ಬರ್ ಬೂಟು, ಕೈ ಒರೆಸಿಕೊಂಡು ಬಂದವನೇ ಹಳದಿ ಪಟ್ಟಿಯನ್ನು ಹೆಬ್ಬೆರಳಿಂದ ಬಿಡಿಸಿ ಒಳಗೆ ನೋಡಿದ, ಮೂಸಿದ, ಒಳದಾರಕ್ಕೇ ಇಳಿದಿದೆಯಲ್ರೀ, ಮೇಲೆ ತಿಕ್ಕಿದರೆ ಕೈನೋವು ಅಷ್ಟೇ, ಯಾರು ನೇಯ್ದದ್ದು, ಅಮ್ಮ, ಹೌದಾ, ಅಂಚು ನೋಡಿ, ಗೆರೆ ಎಳೆದಂಗಿದೆ, ಒಳ್ಳೆ ಕೈ — ಇನ್ನೊಂದು ಬಕೆಟ್ಟು ಸುರಿದರೆ, ಇನ್ನೂ ದಪ್ಪ ಬ್ರಷ್ಷು ತಂದರೆ, ಎರಡು ದಿನ ಬಿಸಿಲಿಗೆ ಹಾಕಿದರೆ, ಮಂಚದ ಪಕ್ಕ ಬೇಡ, ಹಜಾರದಲ್ಲಿ ಹಾಸಿದರೆ, ಹಜಾರದಲ್ಲಿ ಹಿಲ್ಲಾ ಉಸಿರಾಡುವುದಿಲ್ಲವೇ, ರೀಕ್ಕಾ, ಯಾರಿಗೆ ಹೇಳುತ್ತಿ ಈ ಸುಳ್ಳು — ಅಮ್ಮಾ, ಇದರಲ್ಲಿ ಈಗ್ಲೂ ಅಜ್ಜಿ ವಾಸನೆ ಇದೆಯಾ, ಹಿಲ್ಲಾ ಕೆಳಗಿಳಿದು ಬಂದಿದ್ದಾಳೆ, ಬಗ್ಗಿ ಕೆನ್ನೆ ಒತ್ತಿಯೇಬಿಟ್ಟಳು, ಕಣ್ಣು ಮುಚ್ಚಿ ಎದೆತುಂಬ ಎಳೆದುಕೊಳ್ಳಲು ಹೊರಟಳು, ಏಳೇ ಮೇಲೆ, ಮೂಗು ತೆಗಿ ಅಲ್ಲಿಂದ, ಕಟ್ಟೆಯವರೆಲ್ಲ ತಿರುಗಿದರು, ಅದು ರೀಕ್ಕಾಳ ದನಿಯಲ್ಲ, ಕಿಟಕಿ ತೆರೆಯುವವಳ ದನಿ, ಲೆಂಪಿಯ ಗಂಟಲು ತನ್ನ ಬಾಯೊಳಗಿಂದ, ಮಗಳ ಭುಜ ಹಿಡಿದು ಎಳೆದ ಕೈಯೂ ಅವಳದೇ.

ಹಿಂಡಲಿಲ್ಲ, ಒಣಗಲು ಗಳದ ಮೇಲೆ ಹಾಕಲಿಲ್ಲ, ಒದ್ದೆಯಿದ್ದಂತೆಯೇ ಸುತ್ತಿದಳು, ಇನ್ನೊಂದು ತುದಿಯನ್ನು ಮುದುಕ ಹಿಡಿದ, ಹೆಣಭಾರ, ಕಸದ ದೊಡ್ಡ ತೊಟ್ಟಿಯವರೆಗೂ ನೀರಿನ ಗೆರೆ, ಹಿಂದೆಯೇ ಹಿಲ್ಲಾ, ಅಜ್ಜಿಗೆ ಬೇಜಾರಾಗಲ್ವಾ ಅಮ್ಮಾ, ಆಗಲ್ಲ, ಅಜ್ಜಿ ಆಗಿದ್ರೆ ಬೆಳಗ್ಗೇನೇ ಎಸೀತಿದ್ಲು, ಇವತ್ತು ಮನೆಗೆ ಹೋಗಿ ಬರಿದಾದ ನೆಲ ಒರೆಸಬೇಕು, ಮೂಲೆಮೂಲೆಯೂ, ಎರಡೂ ಕಿಟಕಿ ತೆರೆಯಬೇಕು, ಈಗ ತೊಟ್ಟಿಯ ಮುಚ್ಚಳ ಮುಚ್ಚಬೇಕು, ಸುರುಳಿ ಒಳಗೆ ಬಿದ್ದು ಒಂದು ಸುತ್ತು ಬಿಚ್ಚಿಕೊಂಡಿದೆ, ಮುಚ್ಚು, ಎತ್ತಿ ಹಿಡಿದ ಕೈ ಎತ್ತಿಯೇ ಇದೆ, ಒಳಗೆ ಹಳದಿ ಪಟ್ಟಿ, ಅದರ ಮೇಲೆ ಚುಕ್ಕೆ, ಮುಚ್ಚು ರೀಕ್ಕಾ, ಹಳದಿ, ಚುಕ್ಕೆ, ಹಳದಿ —