ಫಿರ್ದೌಸ್ ಎನ್ನಬೇಕಿದ್ದ ಬಾಯಿ

ನಮ್ಮ ಯಜಮಾನರು ಸೊಬಂದಿಯವರು, ಜಕಾರ್ತದಿಂದ ದೂರದ ಊರು ಗಾರುತ್‌ನ ನಮ್ಮ ಕೇರಿಯ ಮಸೀದಿಯಲ್ಲಿ ಮಕ್ಕಳಿಗೆ ಕುರಾನ್ ಓದಲು ಕಲಿಸುತ್ತಾರೆ. "ಕೆಳತುಟಿ ಮೇಲ್ಹಲ್ಲಿಗೆ ತಾಗ್ಲಿ, ಗಾಳಿ ಬಿಡೋ ಕತ್ತೆ!" ಎಂದು ಗದರಿ ಗದರಿ ಇಡೀ ಕೇರಿಯ ಬಾಯಲ್ಲಿ ಫಕಾರ ಹೊರಡಿಸಿದವರು. ಓದು ಮುಗಿಸಿ ಹೊರಗೆ ಬಂದರೆ ಅದೇ ಬಾಯಿ ಫೋಟೊವನ್ನು ಪೋಟೊ ಎನ್ನುತ್ತದೆ. ನಾವು ಸುಂಡಾ ಜನ ಎಲ್ಲರೂ ಹಾಗೆಯೇ, ನಮ್ಮ ಭಾಷೆಯಲ್ಲಿ ಫಕಾರವೇ ಇಲ್ಲ. ಓದುವ ಬಾಯಿ ಬೇರೆ, ಮಾತಾಡುವ ಬಾಯಿ ಬೇರೆ. ಕೇರಿಯಲ್ಲಿ ಯಾರಾದರೂ ಫೋಟೊ ಎಂದರೆ, "ಓಹೋ, ಜಕಾರ್ತದ ದೊರೆಸಾನಿ ಬಂದ್ಲು" ಎಂದು ಆಡಿಕೊಳ್ಳುತ್ತೇವೆ.

ನಮ್ಮ ಮಗಳು ರಿನ್‌ರಿನ್ ಜಕಾರ್ತದಲ್ಲಿ ಕೆಲಸಕ್ಕೆ ಸೇರಿ ಅಂಥ ದೊರೆಸಾನಿಯೇ ಆದಳು. ಅಲ್ಲಿನ ಹುಡುಗ ಫಿರ್ದೌಸ್‌ನನ್ನು ಒಪ್ಪಿದಳು. ಹುಡುಗನ ಮನೆಯವರು ಹೆಣ್ಣು ಕೇಳಲು ಬಂದ ದಿನ ಯಜಮಾನರು ಪ್ರೀತಿಯಿಂದ, "ಬಾಪ್ಪಾ ಪಿರ್ದೌಸ್" ಎಂದರು. ಹುಡುಗನ ತಂಗಿ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಮಗಳಿಗೆ ಅಷ್ಟೇ ಸಾಕಾಯಿತು.

"ಅಪ್ಪ, ನಿಕಾಹ್ ದಿನ ನೀವು ಮಾತಾಡ್ಬೇಡಿ. ಹುಡುಗನ ಹೆಸ್ರು ಕರೆದು ಹೆಣ್ಣು ಒಪ್ಪಿಸೋ ಮಾತನ್ನ ಕಾಜಿಗಳೇ ಹೇಳ್ಲಿ."

"ಇರೋಳು ಒಬ್ಳೇ ಮಗಳು ಕಣೇ. ಅದು ನನ್ನ ಬಾಯಿಂದ್ಲೇ ಬರ್ಬೇಕು."

"ಮತ್ತೆ ನಗ್ತಾರೆ ಅಪ್ಪ. ದಮ್ಮಯ್ಯ ಅಂತೀನಿ."

ಆ ಹುಡುಗಿ ನಕ್ಕ ಮರುದಿನದಿಂದಲೇ ಇವರು ಹಿತ್ತಲ ಕೊಳದ ಮೀನುಗಳಿಗೆ ತೌಡು ಚೆಲ್ಲುತ್ತ ಆ ಮಾತನ್ನು ಅರಬಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಅರಬಿಯಲ್ಲಿ ಒಪ್ಪಿಸುವುದೂ ನಮ್ಮಲ್ಲಿ ಉಂಟು. ಫಿರ್ದೌಸ್ ಎಂದು ಎಷ್ಟು ಚೊಕ್ಕವಾಗಿ ಬರುತ್ತಿತ್ತು!

"ಅರಬಿಲಿ ಹೇಳ್ತೀನಿ ಅಂತ ಅವಳಿಗೆ ಹೇಳ್ಬಾರ್ದಾ?" ಎಂದೆ.

"ಪರೀಕ್ಷೆ ಪಾಸ್ ಮಾಡಿ ಅಪ್ಪ ಅನ್ನಿಸ್ಕೋಬೇಕಾ ನಾನು?" ಎಂದರು. ಮರುದಿನದಿಂದ ಮೀನಿಗೆ ತೌಡು ಹಾಕುವಾಗ ಬಾಯಿ ತೆರೆಯಲಿಲ್ಲ.

ನಿಕಾಹ್ ದಿನ ಕಾಜಿ ಕೇಳಿದರು, "ನೀವೇ ಹೇಳ್ತೀರೋ, ನನಗೆ ವಹಿಸ್ತೀರೋ?" ಇವರು ಮಗಳ ಕಡೆ ನೋಡಿದರು. ಅವಳು ತಲೆ ಎತ್ತಲಿಲ್ಲ.

"ನಿಮಗೇ ವಹಿಸಿದೀನಿ," ಎಂದುಬಿಟ್ಟರು.

ಅಯ್ಯೋ, ಕಾಜಿಯೇನು ಮೆಕ್ಕಾದಿಂದ ಇಳಿದು ಬಂದವರೇ? ಅವರೂ ಗಾರುತ್‌ನವರೇ. ವರನ ಕೈ ಹಿಡಿದು, ಎಲ್ಲರಿಗೂ ತಿಳಿಯಲೆಂದು ಜಕಾರ್ತದವರ ಭಾಷೆಯಲ್ಲೇ, ಮೈಕಿನಲ್ಲಿ ಚಪ್ಪರ ಹಾರುವಂತೆ "ಪಿರ್ದೌಸ್!" ಎಂದರು. ಗಂಡಿನ ಕಡೆಯವರು ಬಿದ್ದು ಬಿದ್ದು ನಕ್ಕರು. ಹುಡುಗನೂ ನಗುನಗುತ್ತಲೇ ಒಪ್ಪಿಕೊಂಡ. ಅವನಿಗೆ ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ. ಮಗಳ ಮುಖ ಮಾತ್ರ ಸುಣ್ಣ ಬಳಿದಂತಾಯಿತು.

ಆಮೇಲೆ ಪದ್ಧತಿಯಂತೆ ಅವಳು ಬಂದು ಅಪ್ಪನ ಮೊಣಕಾಲಿಗೆ ಹಣೆ ಹಚ್ಚಿದಳು. "ತಪ್ಪಾಯ್ತು ಅಪ್ಪ, ನೀವೇ ಹೇಳ್ಬೇಕಿತ್ತು," ಎಂದು ಬಿಕ್ಕಿದಳು.

ಇವರು ಅವಳ ತಲೆಯ ಮೇಲೆ ಕೈಯಿಟ್ಟು ಹರಸಿದರು, ಮೊದಲಿಂದ ಕೊನೆಯವರೆಗೂ ಅರಬಿಯಲ್ಲಿ. ಒಂದು ಫಕಾರವೂ ತಪ್ಪಲಿಲ್ಲ. ನಮ್ಮ ಭಾಷೆಯಲ್ಲಿ "ಮಗಳೇ" ಎಂದು ಮಾತ್ರ ಕರೆಯಲಿಲ್ಲ.